ವಜೀರನ ಅನುಮಾನ ಮತ್ತು ನೂರೆಂಟನೇ ನಂಬರು

ಅನುಮಾನ ಪಡುವುದರಲ್ಲಿ ವಜೀರ್ ಇಡೀ ಶಿವಮೊಗ್ಗಕ್ಕೇ ಒಬ್ಬ. ಹೊಸಮನೆ ಬಡಾವಣೆಯ ಮನೆಯಲ್ಲಿ ಹೆಂಡತಿ ಸಲೀಮಾ ಕೇಳುವ ಮೊದಲೇ ಚಹಾ ತಂದುಕೊಟ್ಟರೆ, ಇವತ್ತೇನು ವಿಶೇಷ ಎಂದು ಲೋಟದೊಳಗೆ ಇಣುಕಿ ನೋಡುವ ಆಸಾಮಿ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ. ನಗದಿದ್ದರೆ ಇನ್ನೂ ಜಾಸ್ತಿ ಬಿದ್ದಿದೆ. “ನಿಮ್ಮನ್ನ ಪೊಲೀಸ್ ಕೆಲ್ಸಕ್ಕೆ ಯಾಕೆ ತಗೊಳ್ಲಿಲ್ವೋ” ಎಂದು ಸಲೀಮಾ ಹಣೆ ಚಚ್ಚಿಕೊಳ್ಳುತ್ತಾಳೆ.

ಸವಳಂಗ ರಸ್ತೆಯಲ್ಲಿ ಅವನದೊಂದು ಪುಟ್ಟ ಅಂಗಡಿ. ಮೊದಲು ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದ. ಆಮೇಲೆ ಆಫೀಸುಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಕಲಿತ. ಹಾಗೆ ಜೋಡಿಸುವಾಗ ಬೀದಿಯ ಮನೆಗಳಿಗೆ ಕೊಟ್ಟ ಹಾಗೆ ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್ ಕೊಡಬೇಕು. ಆ ನಂಬರಿಗೆ ಕೂಗು ಹಾಕಿದರೆ ಆ ಕಂಪ್ಯೂಟರ್ ಓಗೊಡುತ್ತದೆ. ಉಳಿದ ಮೆಕ್ಯಾನಿಕ್ಕುಗಳು ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾರೆ. ವಜೀರ್ ಮಾತ್ರ ಬರೆಯುವುದಿಲ್ಲ. ಬರೆದಿಟ್ಟರೆ ಪಕ್ಕದ ಅಂಗಡಿಯ ಯೋಗೇಶ್ ಕದ್ದು ನೋಡಿ ಗಿರಾಕಿಗಳನ್ನೆಲ್ಲ ಹೊಡೆದುಕೊಂಡು ಹೋಗುತ್ತಾನಂತೆ! ಆ ಯೋಗೇಶನೋ, ಪಾಪ, ತಾನಾಯಿತು ತನ್ನ ಪ್ರಿಂಟರ್ ರಿಪೇರಿಯಾಯಿತು ಎಂದು ಇರುವ ಮನುಷ್ಯ. “ಎಲ್ಲಾ ಇಲ್ಲಿದೆ” ಎಂದು ವಜೀರ್ ತನ್ನ ತಲೆ ಮುಟ್ಟಿ ತೋರಿಸುತ್ತಾನೆ.

ಒಮ್ಮೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ತಪ್ಪಿಸಿಕೊಳ್ಳಲು ವೈರ್ ಕೀಳುತ್ತಿದ್ದ ಗುಮಾಸ್ತನನ್ನು ಅವನು ಕೈಯಾರೆ ಹಿಡಿದಿದ್ದ. ಅವತ್ತಿನಿಂದ ತಲೆ ಇನ್ನಷ್ಟು ತಿರುಗಿತು. ಎಲ್ಲಿಗೆ ಕರೆದರೂ ವೈರ್ ನೋಡುವ ಮೊದಲು ಅಲ್ಲಿದ್ದವರ ಮುಖ ನೋಡತೊಡಗಿದ.

ಭದ್ರಾವತಿಯಲ್ಲಿ ಶಂಕರನಾರಾಯಣ ಎಂಬವರದು ರಕ್ತ ಪರೀಕ್ಷೆಯ ಲ್ಯಾಬ್. ಪಂಚಾಂಗ ನೋಡದೆ ಬಾಗಿಲಿಗೆ ಬಣ್ಣ ಕೂಡ ಬಳಿಸದ ಮನುಷ್ಯ. ಅನುಮಾನದಲ್ಲಿ ವಜೀರನಿಗೆ ಅಣ್ಣನಾಗಬೇಕು. ಎರಡು ವರ್ಷದ ಹಿಂದೆ ಅಲ್ಲಿನ ಕಂಪ್ಯೂಟರುಗಳನ್ನು ಜೋಡಿಸಿಕೊಟ್ಟವನು ವಜೀರನೇ. ಒಳಗಿನ ಕೋಣೆಯಲ್ಲಿ ಅಲ್ಮಾಸ್ ಎಂಬ ಹುಡುಗಿ ರಕ್ತ ಪರೀಕ್ಷೆ ಮಾಡಿ ರಿಪೋರ್ಟು ತಯಾರಿಸುತ್ತಾಳೆ. ಕೌಂಟರಿನಲ್ಲಿ ಕೂತ ಬಂಗಾರಮ್ಮ ಅದನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು, ಪ್ರಿಂಟ್ ತೆಗೆದು ಕೊಡುತ್ತಾಳೆ.

ಈಗ ಹತ್ತು ದಿನದಿಂದ ಬೆಳಗಿನ ಹೊತ್ತು ಅಲ್ಮಾಸಳ ಕಂಪ್ಯೂಟರ್ ಕೌಂಟರಿಗೆ ಸಿಗುತ್ತಲೇ ಇರಲಿಲ್ಲ. ರಿಪೋರ್ಟಿಗೆ ಬಂದವರು ಬೆಂಚಿನ ಮೇಲೆ ಕೂತು ಕೂತು ಬೈಯುತ್ತಿದ್ದರು. ವಜೀರ್ ಎರಡು ಸಲ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋದ. ಅವನು ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ಸರಿಯಾಗಿ ನಡೆಯುತ್ತಿತ್ತು! ವಜೀರನ ಮೂಗು ಅರಳಿತು. ಮೆಕ್ಯಾನಿಕ್ ಬರುವ ಹೊತ್ತಿಗೆ ತಾನಾಗಿ ವಾಸಿಯಾಗುವ ರೋಗ ಎಲ್ಲಾದರೂ ಉಂಟೇ?

ಮೂರನೇ ಸಲ ಅವನು ಹೋಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲೇ ಬಂಗಾರಮ್ಮನಿಗೆ ಹೇಳಿಕೊಟ್ಟು ಅಲ್ಮಾಸಳ ಕಂಪ್ಯೂಟರಿನ ನಂಬರಿಗೆ ಕೂಗು ಹಾಕಿಸಿದ.

“ಓಗೊಡ್ತಾ?”

“ಕೊಡ್ತು ಅಣ್ಣಾ, ನಾಲ್ಕು ಸಲನೂ ಕೊಡ್ತು. ಆದ್ರೆ ರಿಪೋರ್ಟ್ ಮಾತ್ರ ತೆಗೀತಿಲ್ಲ.”

ವಜೀರ್ ಮೇಷ್ಟರ ಗತ್ತಿನಲ್ಲಿ ಶಂಕರನಾರಾಯಣರಿಗೆ ತೀರ್ಪು ಹೇಳಿದ. “ಸಾರ್, ಲೈನು ಸರಿ ಇದೆ. ಕಂಪ್ಯೂಟರ್ ಎದ್ದು ಕೂತಿದೆ, ಕೂಗಿದ್ರೆ ಓಗೊಡ್ತಿದೆ. ರಿಪೋರ್ಟ್ ಕೊಡ್ತಿಲ್ಲ ಅಂದ್ರೆ ಒಳಗಿಂದ ಯಾರೋ ಬೇಕಂತಲೇ ಬಂದ್ ಮಾಡ್ತಿದಾರೆ.”

“ನನಗೂ ಅದೇ ಗುಮಾನಿ ಮಾರಾಯ! ಎದುರುಗಡೆ ಹೊಸ ಲ್ಯಾಬ್ ಆಗಿದೆಯಲ್ಲ, ಆ ಅಲ್ಮಾಸ್ ಅಲ್ಲಿಗೆ ಹಾರೋಕೆ ನೋಡ್ತಿದಾಳೆ ಅಂತ ಕಾಣ್ಸುತ್ತೆ. ಹೋಗೋ ಮುಂಚೆ ನನ್ನ ಹೆಸರು ಕೆಡಿಸ್ತಿದಾಳೆ. ಮೊನ್ನೆಯಿಂದ ರಿಪೋರ್ಟು ಕೈಯಲ್ಲೇ ಬರೆದು ಕೌಂಟರಿಗೆ ತಂದುಕೊಡ್ತಿದಾಳೆ. ಏನು ನಾಟಕ!”

ಶನಿವಾರದ ನಂತರ ಬರಬೇಡ ಎಂದು ಅಲ್ಮಾಸಳಿಗೆ ಹೇಳಿಯೂ ಆಯಿತು. ಕೆಲಸಗಳ್ಳಿ ಎಂಬ ಹೆಸರು ಹೊತ್ತರೆ ಭದ್ರಾವತಿಯಲ್ಲಿ ಇನ್ಯಾವ ಲ್ಯಾಬೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

ಶುಕ್ರವಾರ ಅವಳನ್ನು ಕೈಯಾರೆ ಹಿಡಿದೇ ಬಿಡೋಣ ಎಂದು ವಜೀರ್ ಮೊದಲ ಬಸ್ಸಿಗೇ ಹೊರಟ. ಒಂಬತ್ತೂವರೆಗೆ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತ, ಮಫ್ತಿ ಪೊಲೀಸಿನ ಹಾಗೆ. ಬಂಗಾರಮ್ಮ ರಿಪೋರ್ಟು ತೆಗೆಯಲು ನೋಡಿದಳು; ಬರಲಿಲ್ಲ. ವಜೀರ್ ಎದ್ದು ಹೋಗಿ ಕೂಗು ಹಾಕಿದ, ಓಗೊಟ್ಟಿತು. ಸಿಕ್ಕಿಬಿದ್ದಳು ಎಂದುಕೊಂಡು ಒಳಗೆ ನುಗ್ಗಿದವನೇ ಅಲ್ಮಾಸಳ ಕಂಪ್ಯೂಟರಿನ ಹಿಂದಿನಿಂದ ವೈರ್ ಕಿತ್ತ. ಅವಳು ರಕ್ತದ ಟ್ಯೂಬು ಹಿಡಿದು ನಿಂತಿದ್ದಳು.

ಕೌಂಟರಿಗೆ ಬಂದು ಮತ್ತೆ ಕೂಗು ಹಾಕಿದ. ಓಗೊಟ್ಟಿತು!

ವಜೀರನ ಮೈ ಜುಮ್ಮೆಂದಿತು. ವೈರ್ ಕಿತ್ತು ಬಿಸಾಕಿದ ಕಂಪ್ಯೂಟರ್ ಹೇಗೆ ಮಾತಾಡುತ್ತದೆ? ಎಲ್ಲೋ ಇನ್ನೊಂದು ಬಚ್ಚಿಟ್ಟಿದ್ದಾಳೆ, ಎಂಥ ಕಿಲಾಡಿ! ಎಲ್ಲ ವೈರುಗಳೂ ಬಂದು ಸೇರುವ ಗೋಡೆಯ ಪೆಟ್ಟಿಗೆ ತೆಗೆದು ಒಂದೊಂದೇ ಕೀಳುತ್ತ ಹೋದ. ಮೂರನೆಯದನ್ನು ಕಿತ್ತಾಗ ಕೂಗಿಗೆ ಉತ್ತರ ನಿಂತಿತು. ಆ ವೈರ್ ಹೋಗುತ್ತಿದ್ದುದು ಶಂಕರನಾರಾಯಣರ ಕೋಣೆಗೆ. ಓಹೋ, ಹುಡುಗಿಯನ್ನು ಓಡಿಸಲು ಯಜಮಾನರದೇ ಆಟವೋ ಎಂದು ಅವರ ಮೇಲೂ ಗುಮಾನಿ ಹುಟ್ಟಿತು. ಬಾಗಿಲು ತಳ್ಳಿದ.

ಕೋಣೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಗೋಡೆಯ ಮೇಲೆ ಬೆರಳೊತ್ತಿ ಹಾಜರಿ ಹಾಕುವ ಯಂತ್ರವಿತ್ತು. ಹತ್ತು ದಿನದ ಹಿಂದೆ ಅದನ್ನು ಕೂರಿಸಿದವನು ವಜೀರನೇ. ಯಂತ್ರ ತಾನೇ ಹೊತ್ತು ಬರೆದುಕೊಳ್ಳುತ್ತದೆಂದು ಹೇಳಿದರೂ ಯಜಮಾನರಿಗೆ ನಂಬಿಕೆಯಿಲ್ಲ. ತಡವಾಗಿ ಬಂದವರು ಬೆರಳೊತ್ತಿಬಿಟ್ಟಾರೆಂದು ಹನ್ನೊಂದಕ್ಕೆ ಅದರ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ಮತ್ತೆ ಹಾಕುತ್ತಿದ್ದರು.

ವಜೀರನಿಗೆ ನೆನಪು ಬಂತು. ಯಂತ್ರ ಕೂರಿಸುವಾಗ ಯಜಮಾನರು ಹೇಳಿದ್ದರು: “ಇದಕ್ಕೆ ನೂರೆಂಟು ಕೊಡು ವಜೀರ್, ಶುಭವಾಗ್ಲಿ.” ಅವರ ಕಾರಿನ ನಂಬರೂ ನೂರೆಂಟು, ಫೋನಿನ ಕೊನೆಯೂ ನೂರೆಂಟು. ಎರಡು ವರ್ಷದ ಹಿಂದೆ ಅಲ್ಮಾಸಳ ಕಂಪ್ಯೂಟರಿಗೂ ಇದೇ ಮಾತು ಹೇಳಿ ನೂರೆಂಟೇ ಕೊಡಿಸಿದ್ದರು! ಎಲ್ಲಾ ಇದೆ ಎಂದು ಮುಟ್ಟಿ ತೋರಿಸುತ್ತಿದ್ದ ತಲೆಯಿಂದ ಅದು ಯಾವಾಗಲೋ ಜಾರಿಹೋಗಿತ್ತು. ಒಂದೇ ನಂಬರಿನ ಮನೆ ಎರಡಾಗಿದ್ದವು. ಕೌಂಟರಿನಿಂದ ಹೋದ ಕೂಗು ಬೆಳಿಗ್ಗೆಯೆಲ್ಲ ಈ ಯಂತ್ರದ ಬಾಗಿಲು ತಟ್ಟುತ್ತಿತ್ತು. ಇದು ಓಗೊಡುತ್ತಿತ್ತು, ಆದರೆ ಇದರ ಹತ್ತಿರ ರಿಪೋರ್ಟ್ ಎಲ್ಲಿಂದ ಬರಬೇಕು?

ಯಂತ್ರಕ್ಕೆ ಬೇರೆ ನಂಬರ್ ಕೊಡಲು ಎರಡು ನಿಮಿಷ ಸಾಕು. ಆಮೇಲೆ ‘ಸರಿಯಾಯ್ತು ಸಾರ್’ ಎಂದು ಬಸ್ಸು ಹತ್ತಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಿದರೆ ಭದ್ರಾವತಿಯ ಗಿರಾಕಿಗಳೆಲ್ಲ ಕೈಬಿಟ್ಟ ಹಾಗೆ. ಅಷ್ಟರಲ್ಲಿ ಬಾಗಿಲಲ್ಲಿ ಅಲ್ಮಾಸ್ ಕಾಣಿಸಿದಳು. ಕೈಯಲ್ಲಿ ಬರೆದ ರಿಪೋರ್ಟುಗಳ ಕಂತೆ. ಅವಳ ಮುಖವನ್ನು ಅವನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದ.

“ಸಾರ್, ತಪ್ಪು ನಂದು” ಎಂದ. ಎಲ್ಲವನ್ನೂ ಬಿಡಿಸಿ ಹೇಳಿದ. “ಈ ಹುಡುಗಿ ಏನೂ ಮಾಡಿಲ್ಲ.”

ಶಂಕರನಾರಾಯಣರು ಕೆಂಡವಾದರು. ಬಾಯಿಗೆ ಬಂದ ಹಾಗೆ ಬೈದರು. ಬೈದು ಸುಸ್ತಾದ ಮೇಲೆ ಅಲ್ಮಾಸಳ ಕಡೆ ತಿರುಗಿ, “ಇರಲಿಬಿಡಮ್ಮ, ನೀನು ಹೋಗೋದೇನೂ ಬೇಡ” ಎಂದರು.

ಅವಳು ವಜೀರನ ಕಡೆ ತಿರುಗಿದಳು. “ಚಾಚಾ, ಈ ಬೆರಳಿನ ಮಿಷಿನ್ ಬಂದ ದಿನದಿಂದ್ಲೇ ಹಿಂಗಾಗ್ತಿರೋದು. ಇದನ್ನ ಆಫ್ ಮಾಡಿದ ತಕ್ಷಣ ಸರಿ ಹೋಗುತ್ತೆ. ಸಾರ್‌ಗೆ ಎರಡು ಸಲ ಹೇಳ್ದೆ, ನಿಂಗೇನು ಗೊತ್ತು ಅಂದ್ರು. ನೀವು ಎರಡು ಸಲ ಬಂದ್ರಿ, ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ?”

ವಜೀರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಹೌದು ಬೇಟಿ, ಕೇಳ್ಬೇಕಿತ್ತು” ಎಂದಷ್ಟೇ ಹೇಳಿದ. ಯಂತ್ರದ ನಂಬರ್ ಬದಲಿಸಿ, ಕಿತ್ತ ವೈರುಗಳನ್ನೆಲ್ಲ ಸಿಕ್ಕಿಸಿ, ಚಹಾ ಕೂಡ ಕುಡಿಯದೆ ಹೊರಟ.

ಸೋಮವಾರ ಹತ್ತು ಗಂಟೆಗೆ ಶಂಕರನಾರಾಯಣರ ಫೋನು ಬಂತು. ಕಂಪ್ಯೂಟರ್ ಸರಿಯಾಗಿದೆ, ಅಲ್ಮಾಸ್ ಬಂದಿಲ್ಲ. ಎದುರುಗಡೆ ಲ್ಯಾಬಿನ ಗಾಜಿನ ಹಿಂದೆ ಬಿಳಿ ಕೋಟು ಹಾಕಿಕೊಂಡು ಕೂತಿದ್ದಾಳೆ.

“ನಾನು ಹೇಳಿರಲಿಲ್ವಾ ವಜೀರ್? ಮುಂಚೆಯೇ ಅವರ ಹತ್ರ ಮಾತಾಡಿಟ್ಟಿದ್ಲು ಅಂತೀನಿ. ನಿನಗೇನನ್ಸುತ್ತೆ?”

“ಇಲ್ಲ ಸಾರ್” ಎಂದ ವಜೀರ್. “ಅವಳಾಗಿ ಹೋಗಿಲ್ಲ. ನಾವಿಬ್ರೇ ಸೇರಿ ಕಳಿಸಿದ್ದು.”