ಐದನೇ ಕುರ್ಚಿ

ಕೆಲಸ ಮುಗಿಸಿ ಮನೆಗೆ ಬಂದ ಸಾಬಿರಾ ಮೊದಲು ಕೈ ತೊಳೆಯುತ್ತಾಳೆ. ಒಂದು ಸಲ ಸೀಗೆಪುಡಿ ಹಾಕಿ, ಇನ್ನೊಂದು ಸಲ ಹಿಂಡಿದ ನಿಂಬೆಯ ಸಿಪ್ಪೆಯಿಂದ ಉಗುರುಸಂದಿ ಉಜ್ಜಿ, ಮತ್ತೆ ಬರೀ ನೀರಿನಲ್ಲಿ. ಆಮೇಲೆ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾಳೆ. ಬೆಂದ ಹುಳದ ವಾಸನೆ ಒಂದಿಷ್ಟು ಉಳಿದಿದ್ದರೂ ಮತ್ತೆ ಮೊದಲಿನಿಂದ. ಹಬ್ಬವಿರಲಿ, ಜ್ವರವಿರಲಿ, ಇದು ತಪ್ಪಿದ್ದಿಲ್ಲ. ಕೈ ಶುದ್ಧವಾಯಿತು ಅನ್ನಿಸಿದ ಮೇಲೆಯೇ ಫೋನ್ ಮುಟ್ಟುವುದು. ಬೆಳಗಿನ ನಮಾಜಿನ ನಂತರ ಕುರಾನ್ ಪಠಣ ಕೇಳುವುದು ಅದೇ ಫೋನಿನಲ್ಲಿ. ಅದಕ್ಕೆ ಹೊಲಸು ತಾಗಬಾರದು.

ಇಷ್ಟೆಲ್ಲ ಮಾಡಿದರೂ ಹೊಲಸು ಆ ಫೋನಿನ ಒಳಗಿನಿಂದಲೇ ಬಂತು.

ರಾಮನಗರದ ಗೂಡು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಸಣ್ಣ ಘಟಕವಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಬಿಸಿನೀರಿನ ತೊಟ್ಟಿಯ ಮುಂದೆ ಸಾಬಿರಾ ಕೂತಿದ್ದಾಳೆ. ಒಂದು ನೂಲಿಗೆ ಎಂಟೋ ಹತ್ತೋ ಗೂಡಿನ ಎಳೆ ಸೇರುತ್ತವೆ. ಒಂದು ಗೂಡು ಮುಗಿದರೆ ನೂಲು ಸಣ್ಣಗಾಗುತ್ತದೆ. ಹಾಗಾಗುವ ಮೊದಲೇ ಅದು ಕಣ್ಣಿಗೆ ಬಿದ್ದು, ಬೇರೆ ಗೂಡಿನ ಎಳೆ ಹಿಡಿದು ಸೇರಿಸಿಬಿಡಬೇಕು. ಅವಳ ಕಣ್ಣು ಬಿದ್ದ ನೂಲಿನಲ್ಲಿ ದೋಷ ಹುಡುಕುವುದು ಕಷ್ಟ ಎಂದು ಮಾಲೀಕರೇ ಹೇಳುತ್ತಾರೆ.

ಬಿಸಿನೀರಿನಲ್ಲಿ ಬೆರಳುಗಳು ಬಿಗಿದುಕೊಂಡು ಮಡಿಸಲಾಗದೆ ಹೋದಾಗ ಆಸ್ಪತ್ರೆಯ ನರ್ಸ್ ರಬ್ಬರ್ ಚೆಂಡು ಹಿಸುಕಲು ಹೇಳಿದ್ದರು. ತಂಗಿಯ ಮಗಳು ಮಹೀನ್, ಕಾಲೇಜಿಗೆ ಹೋಗುವವಳು, ನಕ್ಕು ತನ್ನ ಫೋನ್ ಮುಂದೆ ಹಿಡಿದಳು.

"ಚೆಂಡು ಬಿಡಿ ಖಾಲಾ. ಈ ಆಟ ಆಡಿ, ಹತ್ತು ಬೆರಳೂ ಓಡ್ತವೆ."

ಐದು ಜನರ ಎದುರು ಐದು ಜನ. ಎದುರಿನವರ ಕೋಟೆ ಮುರಿದವರು ಗೆದ್ದಂತೆ. ಒಬ್ಬ ಮುಂದೆ ನಿಂತು ಏಟು ತಿನ್ನುವವನು. ಒಬ್ಬ ಕಾಡಿನಲ್ಲಿ ತಿರುಗಿ ಹೊಂಚು ಹಾಕುವವನು. ಒಬ್ಬ ಮಾಟಗಾರ. ಇನ್ನೊಬ್ಬ ಹಿಂದೆ ನಿಂತು ಬಾಣ ಬಿಡುವವನು. ಕೊಂದ ಲೆಕ್ಕವೆಲ್ಲ ಅವನದೇ, ಪರದೆಯ ಮೇಲೆ ಹೆಸರೂ ಅವನದೇ. ಐದನೆಯದು ಸಪೋರ್ಟ್. ಗಾಯ ಮಾಯಿಸುವುದು, ಕತ್ತಲಿದ್ದ ಕಡೆ ಬೆಳಕು ಇಡುವುದು, ಬಾಣದವನ ಬದಲು ತಾನು ಸಾಯುವುದು.

"ಇದನ್ನ ಯಾರು ಆಡ್ತಾರೆ?" ಎಂದು ಸಾಬಿರಾ ಕೇಳಿದಳು.

"ಯಾರಿಗೂ ಬೇಡ ಖಾಲಾ. ಕೊನೆಗೆ ಬಂದೋರ ತಲೆಗೆ ಕಟ್ತಾರೆ."

ಸಾಬಿರಾ ಅದನ್ನೇ ಆರಿಸಿಕೊಂಡಳು. ಯಾರ ಪ್ರಾಣ ಸಣ್ಣಗಾಗುತ್ತಿದೆ ಎಂದು ಅವಳಿಗೆ ಬೇರೆಯವರಿಗಿಂತ ಒಂದು ಗಳಿಗೆ ಮೊದಲೇ ತಿಳಿಯುತ್ತಿತ್ತು.

ಕೆಲವು ತಿಂಗಳಲ್ಲಿ ಒಂದು ತಂಡ ಅವಳನ್ನು ಸೇರಿಸಿಕೊಂಡಿತು. ಕ್ಯಾಪ್ಟನ್ ಬಾಲರಾಜು ಕೈಲಾಂಚದವನು, ಬಿಡದಿಯಲ್ಲಿ ಕಾರಿನ ಬಿಡಿಭಾಗದ ಕೆಲಸ; ಬಾಣದವನು ಅವನೇ. ಏಟು ತಿನ್ನುವವನು ತೌಹೀದ್, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗು ಹಚ್ಚುವವನು. ಇನ್ನಿಬ್ಬರು ಮಾಗಡಿ ಕಡೆಯವರು. ಎಲ್ಲರೂ ಇಪ್ಪತ್ತೈದರ ಆಸುಪಾಸು. ಸಾಬಿರಾ ಮೈಕ್ ಹಾಕುತ್ತಿರಲಿಲ್ಲ. 'ಹಿಂದೆ ಬಾ', 'ನಿಲ್ಲು' ಎಂದಷ್ಟೇ ಬರೆಯುತ್ತಿದ್ದಳು. ಯಾರೋ ನಾಚಿಕೆಯ ಹುಡುಗ ಎಂದುಕೊಂಡು ಅವರು ಮೂಗ ಎಂದು ಹೆಸರಿಟ್ಟರು.

"ಲೇ ಮೂಗ, ಒಸಿ ಮುಂದಕ್ ಬಾರ್ಲಾ!"

ಮೂಗನಿಗೆ ಕಿವಿ ಇತ್ತು. ಗೆದ್ದರೆ ಬಾಲರಾಜು, "ನೋಡ್ದ್ರೇನ್ಲಾ ನನ್ ಆಟನಾ?" ಸೋತರೆ ಮೂಗನ ತಾಯಿ. ತಾಯಿಯನ್ನು, ಅಕ್ಕತಂಗಿಯರನ್ನು ಅವನು ಆಡುತ್ತಿದ್ದ ಮಾತುಗಳನ್ನು ಬರೆಯಲು ಕೈ ಬರುವುದಿಲ್ಲ. ಸದ್ದು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಯಾರು ಯಾವ ಕಡೆಯಿಂದ ಸಹಾಯಕ್ಕೆ ಕೂಗುತ್ತಿದ್ದಾರೆ ತಿಳಿಯದು. ಪ್ರತಿ ಮಾತಿಗೂ ಒಂದು ತೌಬಾ ಹೇಳಿಕೊಂಡು ಆಡುತ್ತಿದ್ದಳು.

ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿತ್ತು. ಆ ಮಾತುಗಳ ನಡುವೆಯೇ ಬಾಲರಾಜುವಿನ ಮನೆಯಿಂದ ಒಂದು ಹೆಂಗಸಿನ ದನಿ ಕೇಳುತ್ತಿತ್ತು. "ಬಾ ಮಗ, ಮುದ್ದೆ ಆರೋಯ್ತದೆ." ಅವನು ಬೆಣ್ಣೆಯಂಥ ದನಿಯಲ್ಲಿ, "ಬಂದೆ ಕಣವ್ವ" ಅನ್ನುತ್ತಿದ್ದ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅದೇ ಬಾಯಿಂದ, ಒಳಗೆ ಕೇಳದಂತೆ ತಗ್ಗಿಸಿದ ದನಿಯಲ್ಲಿ, ಬೇರೊಬ್ಬರ ಅವ್ವನ ಮಾತು. ಸತ್ತ ಹುಳದ ನಡುವೆ ಅಷ್ಟು ವರ್ಷ ಕೂತರೂ ಸಾಬಿರಾಳಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ.

ಆದರೂ ಬಿಡಲಿಲ್ಲ. ಆ ಕೆಲಸ ಅವಳಿಗೆ ಅಷ್ಟು ಇಷ್ಟವಾಗಿತ್ತು.

ಹೀಗಿರುವಾಗ ತಂಡ ಜಿಲ್ಲೆಯ ಫೈನಲ್ ಮುಟ್ಟಿತು. ರಾಮನಗರದ ಒಂದು ಕಲ್ಯಾಣ ಮಂಟಪದಲ್ಲಿ ವೇದಿಕೆ, ದೊಡ್ಡ ಪರದೆ, ಒಂದೊಂದು ತಂಡಕ್ಕೂ ಐದು ಕುರ್ಚಿ. ಆಟಗಾರರು ಸ್ವಂತ ಗುರುತಿನ ಚೀಟಿ ತೋರಿಸಿ ಎಲ್ಲರ ಎದುರು ಕೂತು ಆಡಬೇಕು. ಆ ಐದನೇ ಕುರ್ಚಿಯಲ್ಲಿ ಒಂದೇ ಒಂದು ದಿನ ತನ್ನ ಹೆಸರಿನಲ್ಲಿ ಕೂರಬೇಕೆಂದು ಸಾಬಿರಾಳಿಗೆ ಆಸೆಯಾಯಿತು. ಅವಳು ತನಗಾಗಿ ಏನನ್ನಾದರೂ ಬೇಡಿಕೊಂಡು ಬಹಳ ವರ್ಷವಾಗಿತ್ತು. ಈ ಸಲ ದುವಾದಲ್ಲಿ ಇದನ್ನು ಸೇರಿಸಿದಳು. ಮಾಲೀಕರಿಂದ ರಜೆ ಕೇಳಿಕೊಂಡಳು. ಹೆಸರು ಕೊಡಲು ಬಾಲರಾಜು ಗುರುತಿನ ಚೀಟಿ ಕೇಳಿದಾಗ, ಬಂದು ನೋಡಿಕೊಳ್ಳಿ ಎಂದು ಘಟಕದ ವಿಳಾಸ ಬರೆದು ಕಳಿಸಿದಳು.

ಬಾಲರಾಜು, ತೌಹೀದ್ ಒಂದೇ ಬೈಕಿನಲ್ಲಿ ಬಂದರು. ಬಾಗಿಲಲ್ಲೇ ಬಾಲರಾಜು ಕರ್ಚೀಫು ಮೂಗಿಗೆ ಒತ್ತಿಕೊಂಡ.

"ಏನ್ಲಾ ಇದು ನಾತ!"

"ಹುಳ ಕಣ್ಲಾ. ನಿಂಗೆ ರೇಶ್ಮೆ ಪಂಚೆ ಬೇಕು, ಹುಳ ಬ್ಯಾಡ್ವಾ?" ಎಂದ ತೌಹೀದ್.

"ಅಮ್ಮಾ, ಇಲ್ಲೊಬ್ಬ ಹುಡ್ಗ ಕೆಲ್ಸ ಮಾಡ್ತಾನಲ್ಲ, ಗೇಮ್ ಆಡೋನು. ಎಲ್ಲವ್ನೆ?" ಎಂದು ಬಾಲರಾಜು ಎದುರಿಗಿದ್ದ ಹೆಂಗಸನ್ನು ಕೇಳಿದ.

ಸಾಬಿರಾ ತೊಟ್ಟಿಯಿಂದ ಕೈ ತೆಗೆಯದೆ ಹೇಳಿದಳು. "ನಾನೇ ಅದು."

ಬಾಲರಾಜುವಿನ ಕರ್ಚೀಫು ಕೆಳಗಿಳಿಯಿತು. ಒಂದೂವರೆ ವರ್ಷದಲ್ಲಿ ತಾನು ಆಡಿದ್ದೆಲ್ಲ ಅವನ ಮುಖದ ಮೇಲೆ ಹಾದು ಹೋದುದನ್ನು ಅವಳು ನೋಡಿದಳು. ತಪ್ಪಾಯಿತು ಅನ್ನಬಹುದೇನೋ ಎಂದು ಕಾದಳು.

"ಅಕ್ಕಾ," ಅಂದ ಅವನು, "ನಾವೇನೋ ತಮಾಸೆಗೆ ಮಾತಾಡ್ಕತೀವಿ. ಹೊರ್ಗಡೆ ಯಾರ್ಗೂ ಹೇಳಕ್ಕೋಗ್ಬೇಡಿ."

ಚೀಟಿಯ ಫೋಟೋ ತೆಗೆದುಕೊಂಡು ಹೋದರು. ಎರಡು ದಿನ ಬಿಟ್ಟು ತೌಹೀದನ ಸಂದೇಶ ಬಂತು. ಐದನೇ ಕುರ್ಚಿಗೆ ಅದ್ನಾನ್ ಎಂಬ ಹುಡುಗನ ಹೆಸರು ಕೊಟ್ಟಿದ್ದೇವೆ, ನಾಲ್ಕು ಜನರ ಮುಂದೆ ಕೂರುವುದು ನಿಮ್ಮ ಮರ್ಯಾದೆಯ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ, ಬಾಲರಾಜು ಹೇಳಿದ್ದಾನೆ ಎಂದಿತ್ತು. ಮರ್ಯಾದೆ ಅನ್ನುವ ಪದವನ್ನು ಸಾಬಿರಾ ಎರಡು ಸಲ ಓದಿದಳು. ಆಮೇಲೆ ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದಳು.

ರಜೆ ಕೇಳಿಯಾಗಿತ್ತು. ಮಹೀನ್ ಜೊತೆ ಹೋಗಿ ಸಭೆಯಲ್ಲಿ ಕೂತಳು. ಪಕ್ಕದ ಕುರ್ಚಿಗೆ ಒಬ್ಬ ಹಳ್ಳಿಯ ಹೆಂಗಸು ಬಂದು ಕೂತರು. ಹೊಸ ಸೀರೆ, ಮಡಿಲಲ್ಲಿ ಬುತ್ತಿಯ ಡಬ್ಬಿ.

"ಅಗೋ ನೋಡವ್ವ, ಕೆಂಪ್ ಅಂಗಿ. ನನ್ ಮಗ ಬಾಲ್ರಾಜು. ಬೆಳಿಗ್ಗೆಯಿಂದ ಏನೂ ಉಂಡಿಲ್ಲ, ಮುದ್ದೆ ಆರೋಯ್ತದೆ ಅಂದ್ರೂ ಕೇಳ್ದೆ ಬಂದ್ಬುಟ್ಟ."

ಸಾಬಿರಾ ತಿರುಗಿ ನೋಡಿದಳು. ಈ ದನಿಯನ್ನು ಅವಳು ಒಂದೂವರೆ ವರ್ಷ ಪ್ರತಿ ಸಂಜೆ ಕೇಳಿದ್ದಳು. ಹೆಸರು ಚಿಕ್ಕಲಕ್ಷ್ಮಮ್ಮ ಎಂದು ಈಗ ಗೊತ್ತಾಯಿತು.

"ಅದ್ರಲ್ಲಿ ಅವನ್ದೇನು ಕೆಲ್ಸ?"

"ನಿಮ್ಮ ಮಗ ಹಿಂದೆ ನಿಂತು ಹೊಡೆಯೋನು. ಆ ದಪ್ಪನೆಯವನು ಏಟು ತಿನ್ನೋನು. ತುದೀಲಿ ಇರೋನು ಎಲ್ಲರನ್ನೂ ನೋಡ್ಕೋಬೇಕು. ಯಾರಿಗೆ ಏಟು ಬಿತ್ತು, ಯಾರಿಗೆ ಏನು ಬೇಕು ಅಂತ."

"ಅಂಗಾದ್ರೆ ಮನೆ ಹೆಂಗಸ್ರ ಕೆಲ್ಸ ಅನ್ನು!" ಚಿಕ್ಕಲಕ್ಷ್ಮಮ್ಮ ನಕ್ಕರು. ಸಾಬಿರಾಳೂ ನಕ್ಕಳು.

ಆಟ ಶುರುವಾಯಿತು. ಆಟಗಾರರ ಮಾತು ಸಭೆಗೂ ಕೇಳಲಿ ಎಂದು ಆಯೋಜಕರು ಅವರ ಮೈಕುಗಳನ್ನು ಧ್ವನಿವರ್ಧಕಕ್ಕೆ ಜೋಡಿಸಿದ್ದರು. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅದ್ನಾನನಿಗೆ ತಾನೂ ಒಂದು ತಲೆ ಹೊಡೆಯುವ ಆಸೆ ಹುಟ್ಟಿತು. ಬಾಲರಾಜುವನ್ನು ಬಿಟ್ಟು ಯಾರದೋ ಬೆನ್ನು ಹತ್ತಿದ. ಸಾಬಿರಾಳ ಹೆಬ್ಬೆರಳು ಮಡಿಲಲ್ಲೇ ಅಲುಗಾಡಿತು. ಈಗ, ಈಗ ಸಣ್ಣಗಾಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಬಾಲರಾಜು ಸತ್ತುಬಿದ್ದ. ಅವರ ಕೋಟೆ ಮುರಿಯಿತು.

ಬಾಲರಾಜು ಬಾಯಿ ತೆರೆದ. ಅದ್ನಾನನ ತಾಯಿಯ ಮೇಲೆ ಅವನು ಆಡಿದ ಮಾತು ಮಂಟಪದ ನಾಲ್ಕು ಮೂಲೆಯಿಂದ ಬಂದು ಬಡಿಯಿತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿ ನಕ್ಕರು. ಮದುವೆಗೆ ಅಕ್ಷತೆ ಬೀಳುವ ಜಾಗ ಅದು.

ಚಿಕ್ಕಲಕ್ಷ್ಮಮ್ಮನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. "ಯಾರ್ ಅವ್ವನ್ನ ಅಂದ ಅವ್ನು?"

ಆಟದ ಮಾತು, ಬಿಡಿ ಎಂದು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿ ಅವನನ್ನು ಕಾಯುವ ಕೆಲಸ ಸಾಬಿರಾಳಿಗೆ ಬೇಡವಾಗಿತ್ತು.

"ಆ ತುದಿಯ ಹುಡುಗನ ಅಮ್ಮನ್ನ."

"ಮನೇಲಿ ಒಂದ್ ಕೆಟ್ ಮಾತ್ ಆಡ್ದೋನಲ್ಲ ಕಣವ್ವ," ಎಂದು ಚಿಕ್ಕಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗನಿಗಾಗಿ ಕಾಯದೆ ಎದ್ದು ಹೊರಗೆ ಹೋದರು.

ಸಾಬಿರಾ, ಮಹೀನ್ ಗೇಟಿನ ಬಳಿ ಆಟೋಗೆ ಕಾಯುತ್ತಿದ್ದಾಗ ಬಾಲರಾಜು ಓಡುತ್ತಾ ಬಂದ. ಮನೆಯಲ್ಲಿ ಅವ್ವನಿಗೆ ಓಗೊಡುವ ಅದೇ ಬೆಣ್ಣೆ ದನಿ.

"ಅಕ್ಕಾ, ನಿಮ್ಮನ್ನ ಬುಟ್ಟು ಕೆಟ್ವಿ. ಆ ಅದ್ನಾನ್ ನನ್ಮಗನಿಂದ ಎಲ್ಲಾ ಹಾಳಾಯ್ತು. ಮುಂದಿನ್ ತಿಂಗ್ಳು ಚನ್ನಪಟ್ಣದಲ್ಲಿ ಇನ್ನೊಂದ್ ಐತೆ. ನೀವೇ ಸ್ಟೇಜ್ ಮೇಲೆ ಕೂತ್ಕಳಿ. ಸಪೋರ್ಟ್ ಬ್ಯಾಡ, ನನ್ ಜಾಗನೇ ಬುಟ್ಕೊಡ್ತೀನಿ. ನಾವೆಲ್ಲಾ ಏಟ್ ಹಾಕಿ ಹಾಕಿ ಕೊನೆ ಏಟು ನಿಮ್ಗೇ ಬುಡ್ತೀವಿ. ಪರದೆ ಮೇಲೆ ನಿಮ್ ಹೆಸ್ರೇ ಬತ್ತದೆ."

ಸಾಬಿರಾಳ ಬೆರಳುಗಳು ತಾವಾಗಿಯೇ ಮೂಗಿನ ಹತ್ತಿರ ಹೋದವು. ನಿಂಬೆಯ ವಾಸನೆ ಇನ್ನೂ ಇತ್ತು.

"ಬೇಡಪ್ಪ. ನೀವು ಸಾಯಿಸಿ ಇಟ್ಟಿದ್ದನ್ನ ನಾನು ಹೊಡೆದು ಹೆಸರು ತಗೊಳ್ಳೋದಾ?"

"ಅಂಗಾದ್ರೆ ನಿಮ್ ಜಾಗದಲ್ಲೇ ಆಡಿ. ಐದ್ನೇ ಕುರ್ಚಿ ನಿಮ್ದೇ."

ಅವಳು ಕೇಳಿಕೊಂಡಿದ್ದು ಅದನ್ನೇ. ಆಟೋ ಬಂದು ನಿಂತಿತು.

"ಆ ಕೆಲಸ ಬೇರೆಯವರ ಜೊತೆ ಮಾಡ್ತೀನಿ," ಎಂದಳು. "ನಿನ್ನ ಜೊತೆ ಬೇಡ. ನಿಮ್ಮವ್ವ ಬಸ್‌ಸ್ಟಾಪ್ ಕಡೆ ನಡ್ಕೊಂಡು ಹೋದರು. ಡಬ್ಬಿ ಮುಚ್ಚಳ ತೆಗೀದೆ ಹಾಗೇ ಹಿಡ್ಕೊಂಡಿದ್ರು."