ಕುಡಿಯದಿದ್ದ ವಸ್ತಾದ ಕಾಕಾ

ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿದ ಕೆಂಪು ಮಣ್ಣಿಗೆ ಒಂದು ವಾಸನೆ ಇರುತ್ತದೆ. ಈಚೆಗೆ ನನ್ನ ಶಾಲೆಯ ಹುಡುಗಿಯರನ್ನು ಖೋಖೋ ಪಂದ್ಯಕ್ಕೆಂದು ಚಿಕ್ಕೋಡಿಗೆ ಕರೆದುಕೊಂಡು ಹೋಗಿದ್ದೆ. ಮೈದಾನದ ಒಂದು ಮೂಲೆಯಲ್ಲಿ ಕುಸ್ತಿಯ ಕಣ ಹದ ಮಾಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಗವಾಡದ ನಮ್ಮ ಓಣಿ, ಓಣಿಯ ತಾಲೀಮು ಎಂಬ ಗರಡಿಮನೆ, ಅದರ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ವಸ್ತಾದ ಕಾಕಾ... ನೆನಪಾಗಿ ಸಂತೋಷವಾಗಬೇಕಿತ್ತು. ನನಗೆ ಸಿಟ್ಟು ಬಂತು.

ವಸ್ತಾದ ಎಂದರೆ ನಮ್ಮ ಕಡೆ ಕುಸ್ತಿ ಕಲಿಸುವ ಗುರು. ನಮ್ಮ ಗೋಡೆಗೆ ಅವರ ಮನೆಯ ಗೋಡೆ. ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ. ಹಾಲು, ತುಪ್ಪ, ಬಾದಾಮಿಯಲ್ಲೇ ಬೆಳೆಸಿದ ಮೈ. ಒಮ್ಮೆ ಊರಿನ ದೊಡ್ಡ ಮನೆತನದ ಪೈಲ್ವಾನನೊಬ್ಬ ಕುಡಿದು ತಾಲೀಮಿಗೆ ಬಂದ. ಕಾಕಾ ಅವನ ಲಂಗೋಟಿಯನ್ನು ರಸ್ತೆಗೆ ಎಸೆದು, "ವಸ್ತಾದ ಹೊರಗ ಹಾಕ್ಯಾನಂತ ನಿಮ್ಮಪ್ಪಗ ಹೋಗಿ ಹೇಳಲೇ ಮಗನ" ಎಂದರು. ಆ ಮನೆಯವರು ಅದನ್ನು ಮರೆಯಲಿಲ್ಲ.

ಐವತ್ತು ದಾಟಿದ ಮೇಲೆ ಕಾಕಾ ಕಣಕ್ಕೆ ಇಳಿಯುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತು ಕಲಿಸತೊಡಗಿದರು. ಊಟ ಮಾತ್ರ ಪೈಲ್ವಾನನದೇ ಉಳಿಯಿತು. ಶುಗರ್ ಬಂತು. "ಈ ಮೈಗೆ ಶುಗರ್ ಏನ್ ಮಾಡತೈತಿ" ಎಂದು ಗುಳಿಗೆಯನ್ನು ಮನಸ್ಸು ಬಂದಾಗ ನುಂಗಿದರು, ಬಾರದಾಗ ಬಿಟ್ಟರು. ಲಿವರಿಗೆ ಕೊಬ್ಬು ಹತ್ತಿದರೆ ನೋವೇ ಇರುವುದಿಲ್ಲವಂತೆ. ಒಳಗೊಳಗೇ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಅದು ಗಂಟುಗಂಟಾಗಿ ಬಿಗಿಯುತ್ತದೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ದಣಿವು. ಆಮೇಲೆ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ತೋಳು, ಭುಜ ಇಳಿದವು, ಹೊಟ್ಟೆ ಮಾತ್ರ ಏರಿತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಎದೆಯ ಮೇಲೆ ಜೇಡದ ಕಾಲಿನಂಥ ಸಣ್ಣ ಕೆಂಪು ಗೆರೆಗಳು. ಎಲ್ಲದಕ್ಕೂ ಓಣಿಯಲ್ಲಿ ಉತ್ತರ ಸಿದ್ಧವಿತ್ತು. ಪಾದ ಊದಿದ್ದು ಕೂತು ಕೂತು, ರಕ್ತ ಬಂದದ್ದು ಉಷ್ಣಕ್ಕೆ, ಹೊಟ್ಟೆ ಉಬ್ಬಿದ್ದು ಗ್ಯಾಸಿಗೆ. ಇವೆಲ್ಲ ಒಂದೇ ಕಡೆಯಿಂದ ಬರುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ.

ಕಣ್ಣು ಹಳದಿಯಾದಾಗ ಅವರ ಹೆಂಡತಿ ಕಾಕಿ ಹಟ ಹಿಡಿದು ಊರಿನ ಒಬ್ಬ ಡಾಕ್ಟರ ಬಳಿ ಕರೆದೊಯ್ದರು. ನಾನೂ ಜೊತೆಗಿದ್ದೆ. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ತುಂಬ ಜನ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದರು, "ದಿನಾ ಎಷ್ಟ್ ತಗೋತೀರಿ?"

"ಏನ್ರಿ?"

"ದಾರೂರಿ. ಖರೇ ಹೇಳ್ರಿ, ಮುಚ್ಚಿಟ್ರ ನಾ ಔಷಧ ಹ್ಯಾಂಗ ಕೊಡ್ಲಿ?"

ಹೊರಗೆ ಯಾರೋ ಕಿಸಕ್ಕೆಂದರು. ಕಾಕಾ ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಡೆದೇಬಿಟ್ಟರು. ಸ್ಕ್ಯಾನ್ ಆಗಲಿಲ್ಲ, ರಕ್ತ ಪರೀಕ್ಷೆ ಆಗಲಿಲ್ಲ. ಡಾಕ್ಟರ ಪ್ರಶ್ನೆ ಮಾತ್ರ ಸಂಜೆಯೊಳಗೆ ಉತ್ತರವಾಗಿ ಓಣಿ ಸೇರಿತು. ವಸ್ತಾದ ಕದ್ದು ಕುಡೀತಿದ್ನಂತ! ಆ ದೊಡ್ಡ ಮನೆಯವರು ಅದಕ್ಕೆ ಇನ್ನಷ್ಟು ಬಣ್ಣ ಹಚ್ಚಿದರು. ತಾಲೀಮಿಗೆ ಬರುವವರು ಕಡಿಮೆಯಾದರು.

"ಮಿರಜಕ್ಕ ಹೋಗೂಣ್ರಿ ಕಾಕಾ, ಅಲ್ಲಿ ದೊಡ್ಡ ಡಾಕ್ಟರ್ ಅದಾರ" ಎಂದು ನಾನು ಅದೆಷ್ಟು ಸಲ ಬೇಡಿಕೊಂಡೆನೋ.

"ಅಲ್ಲೂ ಅದನ್ನ ಕೇಳ್ತಾರವ್ವಾ."

ಬಸ್ಸು ಹತ್ತಿದರೆ ಮಿರಜ ಎಷ್ಟು ದೂರ? ಆದರೆ ಆ ಮನುಷ್ಯ ಜೀವಕ್ಕಿಂತ ಹೆಸರನ್ನೇ ಬಿಗಿಯಾಗಿ ಹಿಡಿದು ಕೂತರು. ಅಥಣಿಯ ಆಚೆ ಯಾವುದೋ ಹಳ್ಳಿಗೆ ಹೋಗಿ ಕಾಮಣಿಗೆ ಎಲೆಯ ರಸ ಕುಡಿದು ಬಂದರು. ಹಾಲು, ಬೇಳೆ ಬಿಟ್ಟು ಬರೀ ಗಂಜಿಯ ಪಥ್ಯ. ಮೈಯಲ್ಲಿ ಉಳಿದಿದ್ದ ಮಾಂಸವೂ ಕರಗಿತು. "ಹಳದಿ ಇಳದೈತಿ ನೋಡವ್ವಾ" ಎಂದು ರೆಪ್ಪೆ ಜಗ್ಗಿ ತೋರಿಸುತ್ತಿದ್ದರು. ಇಳಿದಿರಲಿಲ್ಲ...

ಆಮೇಲೆ ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಒಂದು ಮಧ್ಯಾಹ್ನ ಸುಡುಬಿಸಿಲಲ್ಲಿ ತಾಲೀಮಿನ ಬಾಗಿಲು ತೆಗೆದು, ಖಾಲಿ ಕಣಕ್ಕೆ "ಏಳ್ರಲೇ, ಬೆಳಗಾತು, ಬೈಠಕ್ ಹೊಡೀರಿ" ಎಂದು ಕೂಗುತ್ತ ನಿಂತಿದ್ದರು. ಓಡಿಹೋಗಿ ಕೈ ಹಿಡಿದೆ. ನನ್ನ ಗುರುತು ಸಿಗಲಿಲ್ಲ. "ಇವತ್ತ ಹಗಲಿಗೇ ಏರೈತಿ" ಎಂದು ಗೋಡೆಗೆ ಆತು ನಿಂತವರು ನಕ್ಕರು. ಕಾಕಿ ಮತ್ತು ನಾನು ಇನ್ನು ಕಾಕಾರನ್ನು ಕೇಳಲಿಕ್ಕೇ ಹೋಗಲಿಲ್ಲ, ಗಾಡಿ ಮಾಡಿಕೊಂಡು ಮಿರಜಕ್ಕೆ ಒಯ್ದೆವು.

ಅಲ್ಲಿಯ ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿದರು. ಅಂಗೈಗಳು ತಾವಾಗಿಯೇ ಪಟಪಟ ಬಾಗಿ ಏಳತೊಡಗಿದವು. ಲಿವರ್ ಸೋತಿದೆ, ಅದು ತೊಳೆಯಬೇಕಾದ ವಿಷ ತಲೆಗೇರಿದೆ ಎಂದರು. ಹೊಟ್ಟೆ ಸಡಿಲಿಸುವ ಸಿರಪ್ಪು ಕೊಡುತ್ತ ಬಂದ ಹಾಗೆ ಕಾಕಾಗೆ ಪ್ರಜ್ಞೆ ತಿಳಿಯಾಯಿತು. ಆಗ ಡಾಕ್ಟರು ಮಂಚದ ಅಂಚಿಗೆ ಕೂತು, ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು, "ಇದು ದಾರೂದಿಂದ ಆಗಿದ್ದಲ್ರಿ ಕಾಕಾ. ಶುಗರ್ ಐತಿ, ಕೊಬ್ಬು ಐತಿ. ಕುಡಿಯದವರಿಗೂ ಲಿವರ್ ಹಿಂಗ ಖರಾಬ್ ಆಗತೈತಿ."

ಹಳದಿ ಕಣ್ಣುಗಳು ತುಂಬಿಬಂದವು. "ನಮ್ಮ ಓಣ್ಯಾಗ ಬಂದು ಇದನ್ನ ಒಮ್ಮಿ ಹೇಳ್ತೀರೇನ್ರಿ ಸಾಹೇಬ್ರ?"

ಡಾಕ್ಟರು ನಕ್ಕು ಭುಜ ತಟ್ಟಿದರು. ಕಾಕಾ ನಗಲಿಲ್ಲ. ಅವರು ನಿಜವಾಗಿಯೇ ಕೇಳಿದ್ದರು.

ಕಾಲು ಊದಿದಾಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರು. ಬೇರೆ ಲಿವರ್ ಜೋಡಿಸುವ ಮಾತೂ ಬಂತು, ಆದರೆ ಅದನ್ನು ತಾಳುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ರಕ್ತ ವಾಂತಿಯಾಯಿತು. ಮಧ್ಯಾಹ್ನದೊಳಗೆ ಕಾಕಾ ಹೋಗಿಬಿಟ್ಟರು.

ಸಾವಿನ ಮನೆಗೆ ಮಾತಾಡಿಸಲು ಬಂದವರಿಗೆಲ್ಲ ಕಾಕಿ ಡಾಕ್ಟರ ಮಾತನ್ನೇ ಹೇಳಿದರು. "ಹೌದವ್ವಾ, ಹೌದು" ಎಂದು ತಲೆಯಾಡಿಸಿದವರು ಹೊಸ್ತಿಲು ದಾಟುತ್ತಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಡೆಗೆ ಕಾಕಿ ಹೇಳುವುದನ್ನೇ ಬಿಟ್ಟರು. ನಾನು ಬಿಟ್ಟಿಲ್ಲ.

ಚಿಕ್ಕೋಡಿಯಿಂದ ಮರಳುವಾಗ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ಯಾವೂರು, ಯಾವ ಓಣಿ ಎಂದು ವಿಚಾರಿಸಿದರು. ಹೇಳಿದೆ.

"ಹಾಂ, ಆ ಕುಡದು ಸತ್ತ ವಸ್ತಾದನ ಓಣಿ?"

"ಅವರು ಒಂದ್ ಹನಿ ಮುಟ್ಟಿದವರಲ್ರಿ" ಎಂದು ಶುರು ಮಾಡಿದೆ. ಶುಗರ್, ಕೊಬ್ಬು, ಊದಿದ ಪಾದ, ಮಿರಜದ ಡಾಕ್ಟರು, ಒಂದನ್ನೂ ಬಿಡದೆ ಹೇಳಿದೆ. ಇದನ್ನೆಲ್ಲ ಎದೆ ಸೆಟೆಸಿ ಹೇಳಬೇಕಾದವರು ಇಲ್ಲವೇ ಇಲ್ಲ...

ಹಿರಿಯರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಹೋಗ್ಲಿ ಬಿಡವ್ವಾ, ಸತ್ತವರನ್ನ ಆಡಿಕೋಬಾರದು" ಎಂದು ಕಿಟಕಿಯ ಕಡೆ ತಿರುಗಿ ಕೂತರು.