ಜರಗನಹಳ್ಳಿಯ ಮಜ್ಜಿಗೆ

ನಮ್ಮ ಯಡಿಯೂರಿನ ವಾಚನಾಲಯದಲ್ಲಿ ಜಗಳವಾಗುವುದು ಸಾಮಾನ್ಯವಾಗಿ ಫ್ಯಾನಿನ ವಿಷಯಕ್ಕೆ. ಹೋದ ವರ್ಷ ಮಾತ್ರ ಒಂದು ಪುಸ್ತಕಕ್ಕಾಯಿತು. ದೇಶವೇ ಕೈಮುಗಿಯುವ ಒಬ್ಬ ನಾಯಕರ ಬಗ್ಗೆ ಇದುವರೆಗೆ ನಾವು ಓದಿದ್ದೆಲ್ಲ ಸುಳ್ಳು ಎಂದು ಸಾರುವ ದಪ್ಪ ಪುಸ್ತಕವನ್ನು ಯಾರೋ ದಾನ ಕೊಟ್ಟಿದ್ದರು. ನಾಯಕರ ಹೆಸರು ಬರೆಯುವುದಿಲ್ಲ, ಬರೆದರೆ ನಿಮ್ಮ ಮನೆಯಲ್ಲೂ ಜಗಳ ಶುರುವಾಗುತ್ತದೆ. ಅದನ್ನು ಕಪಾಟಿನಲ್ಲಿಟ್ಟರೆ ರಾಜೀನಾಮೆ ಎಂದರು ಒಬ್ಬ ಸದಸ್ಯರು. ಇಡದಿದ್ದರೆ ರಾಜೀನಾಮೆ ಎಂದರು ಇನ್ನೊಬ್ಬರು. ಇಬ್ಬರೂ ಹೋದರೆ ನೆಮ್ಮದಿ ಎಂದು ನನಗನಿಸಿತು, ಅಧ್ಯಕ್ಷರಿಗೆ ಅನಿಸಲಿಲ್ಲ.

"ಮೇಡಂ, ಅಷ್ಟು ವರ್ಷ ಸ್ಕೂಲಲ್ಲಿ ಹಿಸ್ಟರಿ ಪಾಠ ಮಾಡಿದೀರ. ನೀವೇ ಓದಿ ಜಡ್ಜ್‌ಮೆಂಟ್ ಕೊಡಿ. ನೀವು ಹೇಳಿದ್ದೇ ಫೈನಲ್," ಎಂದು ಪುಸ್ತಕವನ್ನು ನನ್ನ ಕೈಗೆ ಹಾಕಿದರು.

ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಮನೆಗೆ ಬಂದವಳೇ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದೆ. ಇದು ಉತ್ತರಪತ್ರಿಕೆಯಲ್ಲ, ವಾಚನಾಲಯದ ಪುಸ್ತಕ ಎಂದು ನೆನಪಾಗುವಷ್ಟರಲ್ಲಿ ಎಪ್ಪತ್ತು ಪುಟ ತಿದ್ದಿಯಾಗಿತ್ತು. ಬಾಯಿಗೆ ಬಂದಂತೆ ಬರೆದ ಕಡೆಯಲ್ಲೆಲ್ಲ ಅಂಚಿನಲ್ಲಿ 'ಆಧಾರ?' ಎಂದು ಗೀಚಿದ್ದೆ. 'ಕೆಲವರು ಹೇಳುವಂತೆ' ಎಂದು ಶುರುವಾದ ಪ್ಯಾರಾಗಳಿಗೆಲ್ಲ ಸೊನ್ನೆ. ಫೇಲ್ ಮಾಡುವ ಖುಷಿ ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿರಲೇ ಇಲ್ಲ.

ಆಮೇಲೆ ಪ್ರವಾಸದ ಅಧ್ಯಾಯ ಬಂತು. ಕನಕಪುರ ರಸ್ತೆಯಲ್ಲಿ ಹೋಗಬೇಕಿದ್ದ ದಿನ ನಾಯಕರು ಜ್ವರ ಬಂದು ಬೆಂಗಳೂರಿನಲ್ಲೇ ಮಲಗಿದ್ದರು, ಅವರ ಕಾರಿನಲ್ಲಿ ಹೋದದ್ದು ಕಾರ್ಯದರ್ಶಿ, ಜನ ಗೊತ್ತಾಗದೆ ಜೈಕಾರ ಹಾಕಿದರು ಎಂದಿತ್ತು. ಪೆನ್ನು ಎತ್ತಿದೆ. ಪಕ್ಕದ ಪುಟದಲ್ಲೇ ವೈದ್ಯರ ಚೀಟಿಯ ಫೋಟೊ, ಕಾರ್ಯದರ್ಶಿಯ ದಿನಚರಿಯ ಫೋಟೊ. ಇಡೀ ಪುಸ್ತಕದಲ್ಲಿ ಗಟ್ಟಿ ಆಧಾರವಿದ್ದದ್ದು ಇದೊಂದಕ್ಕೇ.

ಆ ರಸ್ತೆಗೆ ಆ ಕಾರು ಬಂದದ್ದು ಅದೊಂದೇ ಸಲ. ಅವತ್ತು ಜರಗನಹಳ್ಳಿಯಲ್ಲಿ ಇಂಜಿನ್ನಿಗೆ ನೀರು ಹಾಕಲು ಕಾರು ನಿಂತಾಗ, ನಾಯಕರು ಎಂಟು ವರ್ಷದ ನನ್ನ ಅಮ್ಮನ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿದಿದ್ದರು. ಇದು ಅಮ್ಮನ ಕಥೆ. ನನ್ನ ಮದುವೆ ಮಾತುಕತೆಯಲ್ಲೂ ಇದನ್ನು ಬಿಟ್ಟಿರಲಿಲ್ಲ. ನಾನೂ ವರ್ಷ ವರ್ಷವೂ ಹೊಸ ಕ್ಲಾಸಿಗೆ ಹೇಳಿ, ಮಕ್ಕಳು ಬಾಯಿಬಿಟ್ಟುಕೊಂಡು ಕೇಳುವುದನ್ನು ನೋಡಿ ಬೀಗಿದ್ದೆ. ಆಧಾರ ಕೇಳುವ ಬುದ್ಧಿ ಒಮ್ಮೆಯೂ ಬಂದಿರಲಿಲ್ಲ.

ಎರಡು ದಿನ ಒದ್ದಾಡಿದೆ. ಈ ಪುಟ ಸರಿ ಎಂದರೆ ಅಮ್ಮನ ಹೆಮ್ಮೆ ಹೋಯಿತು. ತಪ್ಪು ಎಂದರೆ, ಆಧಾರವಿದ್ದದ್ದನ್ನೇ ನಂಬಿ ಎಂದು ನಾನು ಇಷ್ಟು ವರ್ಷ ಮಾಡಿದ ಪಾಠ ಹೋಯಿತು. ನಿಜ ಹೇಳುತ್ತೇನೆ, ತಪ್ಪು ಎಂದು ಬರೆದುಬಿಡಲು ತುಂಬಾ ಆಸೆಯಾಗಿತ್ತು. ಕೊನೆಗೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಎದುರು ಕೂತು, ಧೈರ್ಯ ಮಾಡಿ ಪುಟವನ್ನು ಓದಿ ಹೇಳಿದೆ.

"ಸರಿಯಾಗೇ ಬರ್ದಿದಾನೆ," ಎಂದಳು ಅಮ್ಮ, ಸುಲಿಯುವುದನ್ನು ನಿಲ್ಲಿಸದೆ.

"ಅಮ್ಮಾ!"

"ಮಜ್ಜಿಗೆ ಕೊಡೋವಾಗ್ಲೇ ಡ್ರೈವರ್ ಹೇಳ್ದ ಕಣೆ. ಇವ್ರು ಅವ್ರಲ್ಲ, ಅವ್ರಿಗೆ ಜ್ವರ ಅಂತ."

"ಮತ್ತೆ ಇಷ್ಟು ವರ್ಷ?"

"ನಿಮ್ಮ ತಾತಂಗೆ ಕಣ್ಣು ಕಾಣ್ತಿರ್ಲಿಲ್ವಲ್ಲೇ. ಬೆಳಗ್ಗೆಯಿಂದ ಬಿಸಿಲಲ್ಲಿ ರಸ್ತೆ ಆ ಕಡೆ ನಿಂತಿದ್ರು. ನಾನು ವಾಪಸ್ ಬಂದ ತಕ್ಷಣ, ಕುಡುದ್ರಾ ಮಗಾ ಅಂದ್ರು. ಕುಡುದ್ರು ಅಂದೆ. ಚೊಂಬು ಇಸ್ಕೊಂಡು ಕಣ್ಣಿಗೆ ಒತ್ಕೊಂಡ್ರು. ಆಮೇಲೆ ಹೆಂಗೆ ಅಲ್ಲ ಅನ್ಲಿ?"

ಅಮ್ಮನ ಅಪ್ಪಣೆ ಪಡೆದು ಅಲ್ಲೇ ತೀರ್ಪು ಬರೆದೆ: ಬಹುಪಾಲು ಬೊಗಳೆ, ಈ ಪುಟ ಸರಿ, ಸಾಕ್ಷಿ ನನ್ನ ತಾಯಿ, ಪುಸ್ತಕ ಕಪಾಟಿನಲ್ಲಿರಲಿ. ಬರೆದಾದ ಮೇಲೆ ಸ್ವಲ್ಪ ಸಿಟ್ಟೂ ಬಂತು. ತಾತ ಹೋಗಿ ಎಷ್ಟೋ ಕಾಲವಾಯಿತು, ಆಮೇಲಾದರೂ ನಿಜ ಹೇಳಬಹುದಿತ್ತಲ್ಲ ಎಂದು ರೇಗಿದೆ.

"ಹೇಳೋಣ ಅಂತಲೇ ಇದ್ದೆ," ಎಂದಳು ಅಮ್ಮ. "ಅಷ್ಟೊತ್ತಿಗೆ ನಿಂಗೆ ಕೆಲಸ ಸಿಕ್ತು. ಮೊದಲ್ನೇ ದಿನವೇ, ಇವತ್ತು ಕ್ಲಾಸಲ್ಲಿ ನಿನ್ನ ಕಥೆ ಹೇಳ್ದೆ ಅಂತ ನೀನು ಓಡಿ ಬಂದೆ. ನಿನ್ನ ಮುಖ ಥೇಟ್ ನಮ್ಮಪ್ಪನ ಥರಾನೇ ಇತ್ತು."